ನಾಲ್ಕು ಮೊಳದ ಲೋಡು

ಕಾರ್ತೀಕ ಕಳೆಯುತ್ತ ಬಂದಿತ್ತು. ಖಾನಾಪುರದ ಗದ್ದೆಗಳ ಮೇಲೆ ಬೆಳಗಿನ ಮಂಜು ಹೊತ್ತೇರಿದರೂ ಏಳದ ದಿನಗಳು. ಮಧ್ಯಾಹ್ನದ ಊಟ ಮುಗಿದು, ಬಿಸಿಲು ಹೊಸ್ತಿಲು ದಾಟಿ ಪಡಸಾಲೆಯೊಳಗೆ ಕಾಲು ಚಾಚುವ ಹೊತ್ತಿಗೆ ನಾಗರತ್ನಾ ತಂಗಿಯ ಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪನನ್ನು ಕರೆದೊಯ್ಯಬೇಕೆಂದು ಬೆಳಗಾವಿಯ ವಡಗಾವಿಯಿಂದ ಬಂದವಳು ಅವಳು. ಚಪ್ಪಲಿ ಬಿಡಲು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟಳು.

ಅಪ್ಪ ಗುರುಪುತ್ರಪ್ಪ ಜಮಖಾನೆಯ ಮೇಲೆ ಮಗ್ಗಲಾಗಿ ಮಲಗಿದ್ದ. ಅವನ ಕೆನ್ನೆಯ ಕೆಳಗೆ ಒಂದು ಸಣ್ಣ ಲೋಡು ಇತ್ತು. ದಾಳಿಂಬೆ ಬಣ್ಣದ್ದು. ಆ ಬಣ್ಣವನ್ನು ನಾಗರತ್ನಾ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದಳು. ಅವ್ವನ ಇಳಕಲ್ ಸೀರೆ ಅದು.

ಅವ್ವ ಬಸವಣ್ಣೆವ್ವ ತೀರಿಕೊಂಡು ವರ್ಷ ತುಂಬಿತ್ತು. ಟ್ರಂಕಿನ ತಳದಲ್ಲಿದ್ದ ಆ ಸೀರೆಗೆ ನುಸಿ ಹತ್ತಿ, ಸೆರಗು ಒಗೆಯುವಾಗಲೇ ಕೈಯಲ್ಲಿ ಬಂದಿತ್ತು. ಗಟ್ಟಿ ಉಳಿದದ್ದು ನಾಲ್ಕೇ ಮೊಳ. ಗಂಡು ಮಕ್ಕಳಿಲ್ಲದ ಮನೆ. ಇಬ್ಬರೂ ಹೆಣ್ಣುಮಕ್ಕಳು ಅಪ್ಪನ ಎದುರೇ ಕೂತು ಎರಡೆರಡು ಮೊಳ ಹಂಚಿಕೊಂಡಿದ್ದರು. ನಾಗರತ್ನಾ ತನ್ನ ಎರಡು ಮೊಳವನ್ನು ಬೇವಿನ ಎಲೆ ಇಟ್ಟು ಕಪಾಟಿನಲ್ಲಿ ಭದ್ರ ಮಾಡಿದ್ದಳು. ತಂಗಿ ಕಾಂತಾ ತನ್ನದನ್ನು ಹೀಗೆ ಮಾಡಿದ್ದಳು.

"ಅಕ್ಕಾ, ಒಳಗ ಬಾರ. ಬಾಗಲದಾಗ ಯಾಕ ನಿಂತಿ?" ಎಂದಳು ಕಾಂತಾ, ಕೈ ಒರೆಸಿಕೊಳ್ಳುತ್ತ. "ಅಪ್ಪಗ ಕುತ್ತಿಗಿ ನೋವಾಗಿ ನಿದ್ದಿನ ಹತ್ತತಿರಲಿಲ್ಲ ನೋಡು. ಪೀರನವಾಡಿ ಶಾಹಜಾನಬಿ ಚಾಚಿ ಕಡೆ ಹೋಗಿ ಹೊಲಿಸಿಕೊಂಡ ಬಂದ್ನಿ. ಒಂದ ಮೊಳದಾಗ ಆತು. ಇನ್ನೊಂದ ಮೊಳ ಹಂಗ ಉಳಿತು."

ಮಾತಿನ ಸದ್ದಿಗೆ ಗುರುಪುತ್ರಪ್ಪ ಎದ್ದು ಕೂತ. ಹಿರಿಯ ಮಗಳನ್ನು ಕಂಡು ನಕ್ಕ. ನಗುತ್ತಲೇ ಲೋಡನ್ನು ತೊಡೆಯ ಮೇಲೆ ಎಳೆದುಕೊಂಡ.

"ಇದಕ್ಕ ಇನ್ನೂ ನಿಮ್ಮವ್ವನ ವಾಸನಿ ಐತಿ ನೋಡ ನಾಗವ್ವ. ಇದರ ಮ್ಯಾಲ ತಲಿ ಇಟ್ಟೆ ಅಂದ್ರ ದೇಸೂರ ಕ್ವಾಟರ್ಸಿನ್ಯಾಗ ಮಲಗಿದಂಗ ಆಕ್ಕೈತಿ."

ದೇಸೂರಿನ ಸ್ಟೇಶನ್ನಿನ ಹತ್ತಿರ ಗುರುಪುತ್ರಪ್ಪ ರೈಲ್ವೆಯ ಗ್ಯಾಂಗಿನಲ್ಲಿ ದುಡಿದವನು. ಹಳಿ ಬಡಿದು, ಹಳಿಯಡಿ ಗಿಟ್ಟಿ ಕಲ್ಲು ತುಂಬಿ, ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿದವನು. ಹೆಂಡತಿ ಹೋದ ಮೇಲೆ ಈ ಮಗಳ ಮನೆಯಲ್ಲಿ ಕೆಲವು ದಿನ, ಆ ಮಗಳ ಮನೆಯಲ್ಲಿ ಕೆಲವು ದಿನ ಅಂತ ಮಾತಾಗಿತ್ತು. ಇತ್ತೀಚೆಗೆ ಖಾನಾಪುರದ ದಿನಗಳು ಉದ್ದವಾಗುತ್ತಿದ್ದವು, ವಡಗಾವಿಯವು ಗಿಡ್ಡವಾಗುತ್ತಿದ್ದವು. ನಾಗರತ್ನಾಗೆ ಅದು ಹವಾದಿಂದ ಅನಿಸಿತ್ತು. ಈಗ ಕಣ್ಣೆದುರಿಗೇ ಕಾರಣ ಕೂತಿತ್ತು, ದಾಳಿಂಬೆ ಬಣ್ಣದ್ದು.

"ನಡಿ ಅಪ್ಪಾ, ಗಾಡಿ ಹೊತ್ತಾತು" ಎಂದಳು.

"ಇನ್ನೊಂದ ನಾಕ ದಿನ ಇರತೇನಿ ತಗಿ ಯವ್ವಾ" ಎಂದ ಗುರುಪುತ್ರಪ್ಪ. "ಇಲ್ಲೆ ನಿದ್ದಿ ಛಲೋ ಬರಾಕತ್ತೈತಿ."

ನಾಗರತ್ನಾ ಒಬ್ಬಳೇ ತಿರುಗಿ ಬಂದಳು. ರೈಲಿನ ಕಿಟಕಿಗೆ ತಲೆ ಕೊಟ್ಟು ಕೂತರೆ, ಡಬ್ಬಿಯ ಸದ್ದಿನಲ್ಲೆಲ್ಲ ಅಪ್ಪನ ಅದೇ ಮಾತು. ಸಣ್ಣವಳಿದ್ದಾಗ ಕಾಂತಾಗೇ ಅವ್ವನ ಮಗ್ಗಲು, ಕಾಂತಾಗೇ ಹಾಲಿನ ಕೆನೆ. ದೊಡ್ಡವಳು ತಿಳಿದವಳು ಅಂತ ಇವಳನ್ನು ಗೋಡೆಯ ಕಡೆ ಮಲಗಿಸುತ್ತಿದ್ದರು. ಈಗ ಅವ್ವ ಸತ್ತ ಮೇಲೂ ಅವ್ವನ ಮಗ್ಗಲು ಕಾಂತಾಳ ಮನೆಯಲ್ಲೇ. ದೇಸೂರು ಬಂದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಗಂಡ ಪ್ರಸಾದನಿಗೆ ಹೇಳಿದಳು. "ನಾನೂ ಒಂದ ಲೋಡ ಮಾಡಸ್ತೇನ್ರಿ. ಆಕಿದರ ಎರಡ ಪಟ್ಟ ದೊಡ್ಡದು."

"ಎರಡ ಪಟ್ಟ ಯಾಕ? ಮಾವಗ ಎರಡ ತಲಿ ಅದಾವೇನು?"

"ನಿಮಗ ಹೇಳಿದ್ನೆಲಾ, ನನ್ನ ತಲಿ ಕೆಟ್ಟೈತಿ" ಎಂದು ಒಳಗೆ ಹೋದಳು.

ಲೆಕ್ಕ ಅವಳ ಮನಸ್ಸಿನಲ್ಲಿ ಸರಳವಾಗಿತ್ತು. ಕಾಂತಾಳ ಲೋಡಿಗೆ ಒಂದು ಮೊಳ ಹತ್ತಿತು. ತನ್ನ ಹತ್ತಿರ ಎರಡು ಮೊಳ ಇದೆ. ಅಂದರೆ ಎರಡು ಪಟ್ಟು ಉದ್ದ, ಎರಡು ಪಟ್ಟು ದಪ್ಪದ ಲೋಡು. ಅಪ್ಪ ಅದಕ್ಕೆ ಒರಗಿ ಕೂತರೆ ಮಠದ ಅಜ್ಜಾರ ಹಾಗೆ ಕಾಣಬೇಕು. ಖಾನಾಪುರದ ಆ ಗಿಡ್ಡ ತುಂಡಿನ ನೆನಪೇ ಅವನಿಗೆ ಬರಬಾರದು.

ಮರುದಿನ ಎರಡು ಮೊಳ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಪೀರನವಾಡಿಗೆ ಹೋದಳು. ಶಾಹಜಾನಬಿಯ ಗಾದಿ ಅಂಗಡಿ ರಸ್ತೆಯ ಬಾಜುವೇ. ಗಂಡ ಇದ್ದಾಗ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಈಗ ಮಶೀನು ಬಂದಿದೆ. ಆದರೆ ಹೊಲಿಯುವುದು ಇವತ್ತಿಗೂ ಶಾಹಜಾನಬಿಯ ಕೈಯೇ. ಹತ್ತಿಯ ಧೂಳು ಹುಬ್ಬಿನ ಮೇಲೆ ಕೂತು, ಅವಳು ಯಾವಾಗಲೂ ಸ್ವಲ್ಪ ಮುದುಕಿಯ ಹಾಗೇ ಕಾಣುತ್ತಿದ್ದಳು. ಈಗ ಖರೇನೇ ಮುದುಕಿ.

"ಬಾ ಬೇಟಿ, ಕುಂದರು. ನೀ ಕಾಂತಾನ ಅಕ್ಕ ಅಲ್ಲೇನು? ಮೂಗು ಹಂಗ ಐತಿ."

ಮೂಗಿನ ಮಾತೂ ನಾಗರತ್ನಾಗೆ ಹಿಡಿಸಲಿಲ್ಲ. ಬಟ್ಟೆ ತೆಗೆದು ಮುಂದಿಟ್ಟಳು. ಬೇಕಾದದ್ದನ್ನು ಹೇಳಿದಳು.

ಶಾಹಜಾನಬಿ ಬಟ್ಟೆಯನ್ನು ಅಂಗೈಯಿಂದ ಸವರಿದಳು. ಮೊಳ ಹಾಕಿ ನೋಡಿದಳು. ತಲೆ ಅಲ್ಲಾಡಿಸಿದಳು.

"ಆಗೂದಿಲ್ಲ. ಇದರದ ಎರಡ ಪಟ್ಟ ಬೇಕು."

"ಎರಡ ಪಟ್ಟ ಲೋಡಿಗೆ ಎರಡ ಪಟ್ಟ ಬಟ್ಟಿ ತಂದೇನಲ್ಲ ಚಾಚಿ."

"ಉದ್ದ ಎರಡ ಪಟ್ಟ ಮಾಡತಿ. ಸುತ್ತಳತಿನೂ ಎರಡ ಪಟ್ಟ ಮಾಡತಿ. ಎರಡೂ ಕಡೆ ಬೆಳೆಸಿದ್ರ ಬಟ್ಟಿ ನಾಕ ಪಟ್ಟ ತಿಂತೈತಿ ಬೇಟಿ. ಬಾಜೂದ ಗೋಲ ಬಿಲ್ಲಿನೂ ಅಷ್ಟ, ಒಂದೊಂದು ನಾಕ ಪಟ್ಟ ಆಕ್ಕಾವು. ಒಳಗಿನ ಹತ್ತಿ ಕೇಳಬ್ಯಾಡ, ಎಂಟ ಪಟ್ಟ." ಬಟ್ಟೆಯನ್ನು ಉದ್ದಕ್ಕೆ ಹಾಸಿ ಹೇಳಿದಳು, "ಹಿಂಗ ಮಾಡೂಣು. ದಪ್ಪ ಹಂಗ ಇರ್ಲಿ. ಉದ್ದಷ್ಟ ಎರಡ ಪಟ್ಟ ಮಾಡೂಣು. ನಿನ್ನ ಎರಡ ಮೊಳದಾಗ ಆರಾಮ ಆಕ್ಕೈತಿ. ಬಿಲ್ಲಿ ಎರಡ ಇದ್ದದ್ದು ಎರಡ ಇರತಾವಲ್ಲ, ಒಂದ ತುಂಡು ಉಳದೂ ಉಳಿತೈತಿ."

"ಹಾವಿನಂಗ ಉದ್ದ ಮಾಡಿ ಏನ ಮಾಡ್ಲಿ? ಬಾಗಲಕ್ಕ ಅಡ್ಡ ಹಾಕ್ಲಿ?"

"ಹಂಗಾರ ದಪ್ಪ ಮಾಡು, ಉದ್ದ ಬಿಡು."

"ಗೋಣಿ ಚೀಲ ಕಂಡಂಗ ಕಾಣತೈತಿ. ಚಾಚಿ, ನೀ ಹತ್ತಿ ಉಳೀಲಿ ಅಂತ ಹೇಳತಿ, ಇಲ್ಲ ಕಾಂತಾನ ಕಡೆ ಆಗಿ ಮಾತಾಡತಿ."

ಶಾಹಜಾನಬಿ ಸಿಟ್ಟಿಗೇಳಲಿಲ್ಲ. ಬಟ್ಟೆ ಮಡಚಿ ವಾಪಸು ಕೊಟ್ಟಳು. "ಬಟ್ಟಿಗೆ ಯಾರ ಕಡೆನೂ ಇಲ್ಲ ಬೇಟಿ. ಮನಿಗೆ ಹೋಗಿ ನೀನ ಸುತ್ತಿ ನೋಡು."

ನಾಗರತ್ನಾ ಸುತ್ತಿ ನೋಡಿದಳು. ಸುಳ್ಳು ಹಿಡಿಯಬೇಕೆಂದೇ ಸುತ್ತಿದಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ನೆಲಕ್ಕಿಳಿಸಿದಳು. ಸಣ್ಣದು ಯಾಲಕ್ಕಿಯ ಡಬ್ಬಿ. ದೊಡ್ಡದು ಬೇಳೆಯ ಡಬ್ಬಿ. ಸಣ್ಣದರ ಎರಡು ಪಟ್ಟು ಎತ್ತರ, ಬಾಯಿಯೂ ಎರಡು ಪಟ್ಟು. ಹಳೆಯ ಪೇಪರನ್ನು ಸಣ್ಣದಕ್ಕೆ ಸುತ್ತಿ ಸರಿಯಾಗಿ ಕತ್ತರಿಸಿದಳು. ಅಂಥದೇ ಇನ್ನೊಂದು ಕತ್ತರಿಸಿದಳು. ಎರಡನ್ನೂ ಬೇಳೆಯ ಡಬ್ಬಿಗೆ ಸುತ್ತಿದರೆ, ಡಬ್ಬಿಯ ಅರ್ಧ ಮೈ ಬತ್ತಲೆ. ಒಂದರ ಮೇಲೊಂದು ಇಟ್ಟರೆ ಎತ್ತರ ಮುಟ್ಟುತ್ತದೆ, ಸುತ್ತು ಮುಟ್ಟುವುದಿಲ್ಲ. ಬಾಜು ಬಾಜು ಇಟ್ಟರೆ ಸುತ್ತು ಮುಟ್ಟುತ್ತದೆ, ಎತ್ತರ ಮುಟ್ಟುವುದಿಲ್ಲ. ಇನ್ನೆರಡು ತುಂಡು ಕತ್ತರಿಸಿ ಹಚ್ಚಿದಾಗ ಡಬ್ಬಿಯ ಮೈ ಮುಚ್ಚಿತು.

ನಾಲ್ಕು. ಶಾಹಜಾನಬಿ ಖರೇನೇ ಹೇಳಿದ್ದಳು.

ನಾಗರತ್ನಾ ಪೇಪರಿನ ತುಂಡುಗಳ ನಡುವೆ ಕಾಲು ಚಾಚಿ ಕೂತಳು. ನಾಲ್ಕು ಮೊಳ ಅಂದರೆ ಅವ್ವನ ಸೀರೆಯಲ್ಲಿ ಉಳಿದದ್ದೆಲ್ಲ. ಎರಡು ತನ್ನ ಹತ್ತಿರ. ಒಂದು ಕಾಂತಾಳ ಪೆಟ್ಟಿಗೆಯಲ್ಲಿ. ಇನ್ನೊಂದು ಅಪ್ಪನ ತಲೆಯ ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಬಿಟ್ಟು ಎದ್ದುಬಿಡುತ್ತಿದ್ದರು. ಅವಳಿಗೆ ಈ ಲೆಕ್ಕ ಬೇರೆಯೇ ಅರ್ಥ ಹೇಳಿತು: ತಂಗಿಯ ಲೋಡು ಇರುವ ತನಕ ತನ್ನದು ಆಗುವುದಿಲ್ಲ.

ಸಂಜೆ ಕಾಂತಾಗೆ ಫೋನು ಮಾಡಿದಳು. "ನಿನ್ನ ಕಡೆ ಉಳಿದ ಒಂದ ಮೊಳ ಕೊಡತಿಯೇನ? ನಾನೂ ಅಪ್ಪಗೊಂದು ಲೋಡ ಮಾಡಸ್ತೇನಿ, ಸ್ವಲ್ಪ ಕಡಿಮಿ ಬಿದ್ದೈತಿ."

ಕಾಂತಾ ಇಲ್ಲ ಅನ್ನಲಿ ಎಂದು ನಾಗರತ್ನಾ ಒಳಗೊಳಗೇ ಕಾಯುತ್ತಿದ್ದಳು. ಇಲ್ಲ ಅಂದಿದ್ದರೆ ಸಿಟ್ಟಿಗೆ ಒಂದು ಹಿಡಿ ಸಿಗುತ್ತಿತ್ತು. ಕಾಂತಾ, "ಅದಕ್ಕೇನ ಅಕ್ಕಾ, ಅಪ್ಪನ ಕೈಯಾಗ ಕೊಟ್ಟ ಕಳಸ್ತೇನಿ" ಅಂದುಬಿಟ್ಟಳು. ನಾಗರತ್ನಾಗೆ ಅದೂ ಚುಚ್ಚಿತು. ಕೊಡುವವಳೂ ಅವಳೇ ಆದಳಲ್ಲ!

ಗುರುಪುತ್ರಪ್ಪ ಬಂದ. ಪ್ಯಾಸೆಂಜರ್ ಗಾಡಿ ಇಳಿದು, ಆಟೋ ಹಿಡಿದು, ಒಂದು ಕೈಯಲ್ಲಿ ಚೀಲ, ಇನ್ನೊಂದು ಬಗಲಲ್ಲಿ ಲೋಡು. ದೇಸೂರು ದಾಟುವಾಗ ಬಾಗಿಲಲ್ಲಿ ನಿಂತು ನೋಡಿದೆ, ಕ್ವಾಟರ್ಸಿನ ಹುಣಸೆ ಮರ ಇನ್ನೂ ಇದೆ ಎಂದು ಖುಷಿಯಿಂದ ಹೇಳಿದ. ನಾಗರತ್ನಾ ಕೇಳಿಸಿಕೊಳ್ಳುತ್ತಿದ್ದದ್ದು ಕಿವಿಯಿಂದ. ಕಣ್ಣು ಬಗಲಿನ ಮೇಲೆ. ತನ್ನ ಮನೆಯ ದಿವಾನದ ಮೇಲೆ, ತಾನು ಹಾಸಿದ ಹೊಸ ಚಾದರದ ಮೇಲೆ ತಂಗಿಯ ಲೋಡು ಬಂದು ಕೂತಿತು. ಚೀಲದೊಳಗಿನ ಒಂದು ಮೊಳ ಸೀರೆಯನ್ನು ಅಪ್ಪ ತೆಗೆದುಕೊಟ್ಟ. ಅಲ್ಲಿಗೆ ಮೂರಾಯಿತು.

ಅವತ್ತು ಮಧ್ಯಾಹ್ನ ಅವನು ಮಲಗಿದ್ದಾಗ ಅವಳು ಲೋಡಿನ ಆ ಗುರುತನ್ನು ಕಂಡಳು. ಕೆನ್ನೆ ತಾಗುವ ಜಾಗದಲ್ಲಿ, ದಾಳಿಂಬೆ ಬಣ್ಣದ ನಡುವೆ, ಹಸಿರು ದಾರದ ಒಂದು ರಫು, ಬೇವಿನ ಎಲೆಯಷ್ಟು. ಒಲೆಯ ಕೆಂಡ ಸಿಡಿದು ಸೀರೆ ಸುಟ್ಟಿತ್ತು, ಕೆಂಪು ದಾರ ತೀರಿ ಅವ್ವ ಹಸಿರಿನಲ್ಲಿ ಹೊಲಿದಿದ್ದಳು. ಅಪ್ಪ ನಗಾಡಿದ್ದಕ್ಕೆ ಅವ್ವ ಏನೋ ಅಂದಿದ್ದಳು, ಏನೆಂದು ನಾಗರತ್ನಾಗೆ ನೆನಪಾಗಲಿಲ್ಲ. ಅಪ್ಪನಿಗೆ ನೆನಪಿರಬೇಕು. ನಿದ್ದೆಯಲ್ಲೂ ಅವನ ಬೆರಳು ಆ ರಫಿನ ಮೇಲೇ ಇತ್ತು.

ಹಂಚುವಾಗ ಈ ತುಂಡು ಕಾಂತಾಳ ಪಾಲಿಗೆ ಹೋದದ್ದು ಹೇಗೆ? ಕೇಳಿಯೇ ತಗೊಂಡಳೋ ಏನೋ. ಆ ಮೊಳವನ್ನು ಅಪ್ಪನ ಕಣ್ಣೆದುರೇ ತಾನೇ ಹರಿದು ಕೊಟ್ಟದ್ದು ನಾಗರತ್ನಾಗೆ ಮರೆತೇಹೋಗಿತ್ತು.

ಮರುದಿನ ಅಪ್ಪ ಪ್ರಸಾದನ ಜೊತೆ ಶಹಾಪುರದ ಪೇಟೆಗೆ ಹೋದ. ಬಾಗಿಲು ಮುಚ್ಚಿದ ಕೂಡಲೇ ನಾಗರತ್ನಾ ಲೋಡನ್ನು ಹಳೆಯ ಟವೆಲಿನಲ್ಲಿ ಸುತ್ತಿದಳು, ಮೂರು ಮೊಳ ಬಟ್ಟೆಯನ್ನು ಚೀಲಕ್ಕೆ ಹಾಕಿದಳು, ಆಟೋ ಹತ್ತಿದಳು. ಆಟೋದಲ್ಲಿ ಲೋಡು ಅವಳ ತೊಡೆಯ ಮೇಲಿತ್ತು. ಒಮ್ಮೆ ಮೂಸಿ ನೋಡಿದಳು. ಅವ್ವನ ವಾಸನೆ ಬರಲಿಲ್ಲ, ಹತ್ತಿಯ ವಾಸನೆ ಬಂತು.

ಶಾಹಜಾನಬಿ ಟವೆಲು ಬಿಚ್ಚಿ, ತನ್ನದೇ ಹೊಲಿಗೆ ನೋಡಿ, ಕಣ್ಣೆತ್ತಿದಳು.

"ಇದು ಕಾಂತಾಂದು."

"ಹೂಂ. ಬಿಚ್ಚಿ ನಂದರಾಗ ಕೂಡಸು. ಅಲ್ಲಿಗೆ ನಾಕ ಮೊಳ ಆತಲ್ಲ?"

"ಆತು." ಶಾಹಜಾನಬಿ ಕತ್ತರಿಯನ್ನು ತೆಗೆದು ನಾಗರತ್ನಾಳ ಕೈಯಲ್ಲಿಟ್ಟಳು. "ನಮ್ಮ ಅಂಗಡಿ ರಿವಾಜು ಕಾಂತಾ ಹೇಳಿರಬೇಕಲ್ಲ? ತೀರಿಕೊಂಡವರ ಬಟ್ಟಿಗೆ ಮೊದಲನೇ ಕತ್ತರಿ ನಾವು ಹಾಕೂದಿಲ್ಲ. ಬಟ್ಟಿ ತಂದ ಮನಿಯವರು ಹಾಕಬೇಕು. ಹಾಕೂ ಮುಂದ ಯಾರ ಬಟ್ಟಿ, ಯಾರ ಕೊಟ್ಟದ್ದು ಅಂತ ಬಾಯಿಬಿಟ್ಟ ಹೇಳಬೇಕು. ನಮ್ಮ ಅತ್ತಿ ಕಾಲದಿಂದ ಐತಿ."

ನಾಗರತ್ನಾ ಲೋಡಿನ ಹೊಲಿಗೆ ಹುಡುಕಿದಳು. ಹೊರಗೆ ಖಾನಾಪುರದ ಬಸ್ಸು ಹಾರ್ನ್ ಬಾರಿಸುತ್ತ ಹೋಯಿತು.

"ನಮ್ಮವ್ವ ಬಸವಣ್ಣೆವ್ವಂದು" ಎಂದಳು. ನಂತರ, "ಕಾಂತಾ ಕೊಟ್ಟಾಳ" ಎಂದಳು.

"ಕೊಟ್ಟಾಳ?"

"ಕೊಟ್ಟಾಳಂತ ಹೇಳಲಿಲ್ಲೇನ ಚಾಚಿ?"

ಶಾಹಜಾನಬಿ ಟವೆಲನ್ನು ಮಡಚಿ ಬದಿಗಿಟ್ಟಳು. ನಾಗರತ್ನಾ ಹೊಲಿಗೆಯೊಳಗೆ ಕತ್ತರಿಯ ಮೊನೆ ಸೇರಿಸಿದಳು. ದಾರ ಟಿಕ್ ಅಂತ ಹರಿಯಿತು. ಒಳಗಿನ ಬಿಳಿ ಹತ್ತಿ, ಇಷ್ಟು ದಿನ ತಡೆದಿಟ್ಟ ಉಸಿರಿನ ಹಾಗೆ ಉಬ್ಬಿ ಹೊರಗೆ ಬಂತು.

ಮನೆಯಲ್ಲಿ ಅಪ್ಪ ಕೇಳಿದ, "ನಾಗವ್ವ, ಲೋಡ ಎಲ್ಲಿ?"

"ಹತ್ತಿ ಗಂಟಾಗಿತ್ತ ಅಪ್ಪಾ. ಹಿಂಜಿ ಕೊಡಾಕ ಹಾಕೇನಿ."

"ಗಂಟಾಗಿತ್ತ? ನನಗೇನ ಗೊತ್ತಾಗಲಿಲ್ಲವ್ವ" ಎಂದ. ಟವೆಲು ಮಡಚಿ ತಲೆಯಡಿ ಇಟ್ಟುಕೊಂಡು ಮಲಗಿದ.

ದೊಡ್ಡ ಲೋಡು ಸಿದ್ಧವಾಗಿ ಬಂದ ದಿನ ಆಟೋದ ಹಿಂದಿನ ಸೀಟು ಪೂರಾ ಅದಕ್ಕೇ ಬೇಕಾಯಿತು. ನಾಗರತ್ನಾ ಡ್ರೈವರನ ಮಗ್ಗಲು ಕೂತು ಬಂದಳು. ಇಳಿಸುವಾಗ ಪ್ರಸಾದ ಒಂದು ತುದಿ, ಅವಳು ಒಂದು ತುದಿ. ಬಾಜೂ ಮನೆಯ ಸಪ್ನಾ ಗೇಟಿನಲ್ಲಿ ನಿಂತು, "ಅಯ್ಯ ಅಕ್ಕಾ, ಯಾರಿಗೇನಾತ್ರಿ?" ಎಂದು ಗಾಬರಿಯಾಗಿ ಕೇಳಿದಳು.

ದಿವಾನದ ಮೇಲೆ ಅದು ಮಲಗಿದಾಗ ಬೇರೆಯವರಿಗೆ ಜಾಗವೇ ಉಳಿಯಲಿಲ್ಲ. ನಾಲ್ಕು ಮೊಳವೂ ಅಲ್ಲೇ ಇತ್ತು. ಸೀರೆಯಂಚಿನ ಗೋಮಿ ದಡಿ ಜೋಡಿಸಿದಲ್ಲಿ ಎರಡು ಗೆರೆ, ಬಾಜುವಿನ ಬಿಲ್ಲೆಗಳು ಕುಂಬಳದ ಹೋಳು ಕೂಡಿಸಿದ ಹಾಗೆ ತುಂಡು ತುಂಡು. ಆದರೂ ಭಾರಿ ಇತ್ತು, ನಿಜವಾಗಿ ಭಾರಿ ಇತ್ತು. ನಾಗರತ್ನಾಳ ಎದೆ ತುಂಬಿತು.

"ಕುಂದರು ಅಪ್ಪಾ. ಒರಗು."

ಗುರುಪುತ್ರಪ್ಪ ಒರಗಲು ನೋಡಿದ. ಲೋಡಿನ ದಪ್ಪಕ್ಕೆ ಅವನ ಬೆನ್ನು ಮುಂದೆ ಬಂತು, ದಿವಾನದ ತುದಿಗೆ ಬಂದ. ಮಲಗಿ ನೋಡಿದ. ತಲೆ ಮೇಲೇರಿ ಗದ್ದ ಎದೆಗೆ ಹತ್ತಿತು. ಮಗ್ಗಲಾದ. ಹೆಗಲು ಕೆಳಗೆ, ಕಿವಿ ಮೇಲೆ; ಕುತ್ತಿಗೆ ಹಳಿ ತಪ್ಪಿದ ಡಬ್ಬಿಯ ಹಾಗೆ ಮುರಿದು ನಿಂತಿತು. ತಬ್ಬಿಕೊಂಡು ಮಲಗಲು ನೋಡಿದರೆ ತೋಳು ಸುತ್ತಿ ಮುಟ್ಟಲಿಲ್ಲ.

"ದೊಡ್ಡದ ಆತಲ್ಲವಾ" ಎಂದ, ಮೆಲ್ಲಗೆ.

"ರೂಢಿ ಆಕ್ಕೈತಿ ಅಪ್ಪಾ."

ರೂಢಿಯಾಗಲಿಲ್ಲ. ಮಗಳಿಗೆ ನೋವಾಗಬಾರದು ಎಂದು ಅವನು ಹಗಲು ಅದರ ಮುಂದೆ ಸೆಟೆದು ಕೂರುತ್ತಿದ್ದ, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವನ ಹಾಗೆ. ಮಲಗುವಾಗ ನೆಲಕ್ಕಿಳಿದು ಟವೆಲನ್ನೇ ಮಡಚಿಕೊಳ್ಳುತ್ತಿದ್ದ. ಕಣ್ಣ ಕೆಳಗೆ ಮತ್ತೆ ಕಪ್ಪು ಬಂತು. ಕುತ್ತಿಗೆ ಸವರಿಕೊಳ್ಳುತ್ತ, ಕೈಯಿಂದ ದೊಡ್ಡ ಲೋಡಿನ ಮೈ ತಡವುತ್ತಿದ್ದ. ಏನೋ ಹುಡುಕುವವನ ಹಾಗೆ. ನಾಗರತ್ನಾ ಅಡುಗೆಮನೆಯ ಬಾಗಿಲಿಂದ ಅದನ್ನು ನೋಡುತ್ತಿದ್ದಳು.

ಒಂದು ದಿನ ಮುಂಜಾನೆ ಚಹಾ ತಂದಾಗ ಅವನು ಲೋಡನ್ನು ಗೋಡೆಯ ಕಡೆಯಿಂದ ಇತ್ತ ಹೊರಳಿಸಿದ್ದ. ಹಿಂದಿನ ಮಗ್ಗಲಲ್ಲಿ, ಕೆಳಗೆ, ಯಾರ ಕೆನ್ನೆಯೂ ಎಂದೂ ತಾಗದ ಜಾಗದಲ್ಲಿ ಹಸಿರು ರಫು ಇತ್ತು. ಅದರ ಮೇಲೆ ಬೆರಳಿಟ್ಟು ಕೂತಿದ್ದ.

ಚಹಾದ ಮೇಲೆ ಕೆನೆ ಕಟ್ಟಿತು.

"ಇದನ್ನ ಹೊಲಿಯೂ ಮುಂದ ನಾ ನಕ್ಕಿದ್ದೆ" ಎಂದ ಗುರುಪುತ್ರಪ್ಪ ಕೊನೆಗೆ. "ಕೆಂಪ ಸೀರಿಗೆ ಹಸರ ತ್ಯಾಪಿ ಹಚ್ಚತಿಯಲ್ಲ, ಮಂದಿ ಏನಂದಾರು ಅಂತ. ಅದಕ್ಕ ನಿಮ್ಮವ್ವ, ನಿಮಗ ದೂರದಿಂದ ಗುರ್ತ ಸಿಗಲಿ ಅಂತ ಹಚ್ಚೀನಿ, ಗ್ಯಾಂಗಿನವರಿಗೆ ಹಸರ ನಿಶಾನಿ ಕಂಡ್ರ ಅಷ್ಟ ಮನಿಗೆ ಬರಾಕ ತಿಳಿತೈತಿ ಅಂದ್ಲು." ಸ್ವಲ್ಪ ನಕ್ಕ. ನಗು ತುಟಿಯಲ್ಲೇ ನಿಂತಿತು. "ಲೋಡ ಬಿಚ್ಚಿದ್ದು ಕಾಂತಾಗ ಗೊತ್ತೈತೇನ?"

ನಾಗರತ್ನಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಪ್ಪ ಬೈಯುತ್ತಾನೆಂದು ಕಾಯ್ದಳು. ಅವನು ತಣ್ಣಗಾದ ಚಹಾ ಕುಡಿದು ಬಟ್ಟಲು ಕೆಳಗಿಟ್ಟ.

"ನೀ ಕರದಾಗೆಲ್ಲ ಬರತೇನಿ ಮಗಳ. ಲೋಡಿನ ಸಲುವಾಗಿ ನಾ ಎಲ್ಲೂ ಇರಲಿಲ್ಲ" ಎಂದ. "ಕುತ್ತಿಗಿ ಭಾಳ ನೋಯತೈತಿ, ಅಷ್ಟ."

ಬೈದಿದ್ದರೆ ಅವಳು ತಿರುಗಿ ಮಾತಾಡುತ್ತಿದ್ದಳು. ಸಣ್ಣಂದಿನ ಹಾಲಿನ ಕೆನೆಯಿಂದ ಹಿಡಿದು ಎಲ್ಲ ತೆಗೆಯುತ್ತಿದ್ದಳು. ಅವನು ಕುತ್ತಿಗೆ ನೋವೊಂದೇ ಹೇಳಿದ್ದ. ಒಳಗೆ ಹೋಗಿ ಫೋನು ತೆಗೆದುಕೊಂಡಳು.

"ಕಾಂತಾ, ನಿನ್ನ ಲೋಡ ನಾ ಬಿಚ್ಚೀನಿ. ನಂದರಾಗ ಕೂಡಿಸೀನಿ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಒಂದ ಮೊಳ ಕೇಳಿದಿ, ಕೊಟ್ನಿ" ಎಂದಳು ಕಾಂತಾ. "ಇದನ್ನೂ ಕೇಳಿದ್ರ ಕೊಡತಿದ್ನೋ ಏನೋ, ಅತ್ತಾದ್ರೂ ಕೊಡತಿದ್ನಿ. ಕೇಳಲಾರದ ಒಯ್ದಿಯಲ್ಲ ಅಕ್ಕಾ. ಸಣ್ಣಾಕಿದ್ದಾಗ ನನ್ನ ರಿಬ್ಬನ್ ಕದ್ದ ಒಲಿಗೆ ಹಾಕಿದ್ದಿ ನೆನಪೈತೇನ? ನಾ ಅವ್ವಗ ಹೇಳಿರಲಿಲ್ಲ. ಹೇಳಬೇಕಿತ್ತು."

ಫೋನು ಇಟ್ಟುಬಿಟ್ಟಳು.

ನಾಗರತ್ನಾ ಮತ್ತೆ ಪೀರನವಾಡಿಗೆ ಹೋದಳು, ಮತ್ತೆ ಡ್ರೈವರನ ಮಗ್ಗಲು ಕೂತು. ಶಾಹಜಾನಬಿ ದೊಡ್ಡ ಲೋಡು ಇಳಿಯುವುದನ್ನು ನೋಡಿ ಚಾಪೆ ಹಾಸಿದಳು.

"ಇದರಾಗ ಸಣ್ಣವು ಎಷ್ಟ ಆಕ್ಕಾವ ಚಾಚಿ?"

"ಬಟ್ಟಿ ನಾಕಕ್ಕ ಮುಟ್ಟತೈತಿ. ಹೊಲಿಗಿಗೆ ಸ್ವಲ್ಪ ಸ್ವಲ್ಪ ಹೋಗೇತಿ, ಹಿಂದಿನಕಿಂತ ಒಂದ ಬೆರಳ ಸಣ್ಣ ಆಕ್ಕಾವು. ಹತ್ತಿ ಎಂಟರದ ಐತಿ, ಅರ್ಧಾ ಹಂಗ ಉಳಿತೈತಿ."

"ಆ ಹತ್ತಿ ನೀನ ಇಟ್ಕೊ."

ಶಾಹಜಾನಬಿ ಕತ್ತರಿಯನ್ನು ಮುಂದೆ ಹಿಡಿದಳು. ಈ ಬಟ್ಟೆಗೆ ನಾಗರತ್ನಾಳ ಮೊದಲ ಕತ್ತರಿ ಆಗಲೇ ಬಿದ್ದಿತ್ತು, ರಿವಾಜಿನ ಪ್ರಕಾರ ಮತ್ತೆ ಬೇಕಿರಲಿಲ್ಲ. ಆದರೂ ಹಿಡಿದಳು. ನಾಗರತ್ನಾ ತೆಗೆದುಕೊಂಡಳು.

"ನಮ್ಮವ್ವ ಬಸವಣ್ಣೆವ್ವನ ಸೀರಿ. ಎರಡ ಮೊಳ ನಂದು. ಒಂದ ಮೊಳ ಕಾಂತಾ ಕೊಟ್ಟದ್ದು. ಇನ್ನೊಂದು..." ಹಸಿರು ರಫಿನ ಮೇಲೆ ಬೆರಳಿಟ್ಟಳು. "ಇನ್ನೊಂದು ಕೊಟ್ಟದ್ದಲ್ಲ. ನಾ ತಂದದ್ದು."

"ಗೊತ್ತಿತ್ತ ಬೇಟಿ" ಎಂದಳು ಶಾಹಜಾನಬಿ. "ಕೊಟ್ಟ ಬಟ್ಟಿ ಯಾರೂ ಟವೆಲಿನ್ಯಾಗ ಸುತ್ತಿ ತರೂದಿಲ್ಲ. ಹಾಕು ಕತ್ತರಿ."

"ಗೊತ್ತಿದ್ದ ಮ್ಯಾಲ ಯಾಕ ಹೊಲದಿ?"

"ಹೊಲದು ಮುಗಿಸೂತನಕ ನೀ ಬಿಡೂವಾಕಿ ಇದ್ದೇನು? ನಾ ಇಲ್ಲಂದಿದ್ರ ಟಿಳಕವಾಡಿ ಅಂಗಡಿಗೆ ಒಯ್ತಿದ್ದಿ. ಅಲ್ಲಿಯವರು ಆ ಹಸರ ರಫು ಕತ್ತರಿಸಿ ಒಗೀತಿದ್ರು."

ನಾಲ್ಕು ಸಣ್ಣ ಲೋಡು ದಿವಾನದ ಮೇಲೆ ಸಾಲಾಗಿ ಕೂತವು. ಗುರುಪುತ್ರಪ್ಪ ಅವತ್ತು ಊಟವಾದ ಮೇಲೆ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದ. ಅಷ್ಟು ನಿದ್ದೆ ಅವನಿಗೆ ಈ ಮನೆಯಲ್ಲಿ ಹಿಂದೆಂದೂ ಬಂದಿರಲಿಲ್ಲ. ನಾಗರತ್ನಾ ಎರಡು ಸಲ ಬಂದು ಉಸಿರು ನೋಡಿ ಹೋದಳು. ಇನ್ನು ಇಲ್ಲೇ ಇರುತ್ತಾನೆ ಎಂದುಕೊಂಡಳು.

ಎದ್ದು ಮುಖ ತೊಳೆದುಕೊಂಡು ಅವನು ಹೇಳಿದ, "ಖಾನಾಪುರಕ್ಕ ಹೋಗತೇನಿ ನಾಗವ್ವ. ಕಾಂತಾ ಊಟಾ ಸರಿ ಮಾಡವಲ್ಲಳಂತ. ನಾ ಹೋಗಿ ಕುಂತ್ರ ಮಾಡ್ತಾಳ. ಎಳ್ಳ ಅಮಾಸಿಗೆ ಇಲ್ಲೆ ಬರತೇನಿ."

ಅವಳು ಅವನ ಧೋತರ ಮಡಚಿದಳು. ಅಳುವವಳ ಕಡೆಗೇ ಅಪ್ಪ ಹೋಗುವುದು, ಸಣ್ಣಂದಿನಿಂದ ಹಾಗೇ. ಅತ್ತು ತೋರಿಸುವ ವಿದ್ಯೆ ತನಗೆ ಬರಲಿಲ್ಲ.

ಹೊರಡುವ ದಿನ ಗುರುಪುತ್ರಪ್ಪ ದಿವಾನದ ಹತ್ತಿರ ನಿಂತು, "ಒಂದ ಒಯ್ಯಲೇನ?" ಎಂದ. ನಾಲ್ಕನ್ನೂ ಒಂದೊಂದಾಗಿ ತಡವಿದ. ಮೂರನೆಯದರ ಮೇಲೆ ಕೈ ನಿಂತಿತು. ಹಸಿರು ಅದರಲ್ಲಿತ್ತು. ಎತ್ತಿ ಬಗಲಿಗೆ ಇಟ್ಟುಕೊಂಡ.

ಅದನ್ನು ಬಿಟ್ಟು ಬೇರೆ ಯಾವುದಾದರೂ ಒಯ್ಯಿ ಅನ್ನುವ ಮಾತು ನಾಗರತ್ನಾಳ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದಳು. ಬೆಂಕಿಯ ಹಾಗೆ ಇಳಿಯಿತು. ಇನ್ನೊಂದು ಲೋಡನ್ನೂ ಎತ್ತಿ ಅವನ ಮತ್ತೊಂದು ಬಗಲಿಗೆ ಕೊಟ್ಟಳು.

"ಎರಡ ಮೊಳ ಆಕಿದು. ಎರಡ ಒಯ್ಯಿ."

ಎರಡು ಬಗಲಲ್ಲಿ ಎರಡು ಲೋಡು ಇಟ್ಟುಕೊಂಡು, ಅವಳಿ ಕೂಸುಗಳನ್ನು ಎತ್ತಿಕೊಂಡವನ ಹಾಗೆ ಗುರುಪುತ್ರಪ್ಪ ಆಟೋ ಹತ್ತಿದ. ಚೀಲವನ್ನು ಪ್ರಸಾದ ಹಿಡಿದುಕೊಂಡ. ಗೇಟಿನ ತನಕ ಬಂದ ನಾಗರತ್ನಾ ಒಳಗೆ ಹೋಗಿ, ಹೊರಳಿಸಿ ಹೊರಳಿಸಿ, ಉಳಿದ ಎರಡರ ಮೇಲೂ ಬೆರಳಾಡಿಸಿದಳು. ಅಲ್ಲಿ ಹಸಿರಿಲ್ಲವೆಂದು ಗೊತ್ತಿತ್ತು. ಆದರೂ ಹುಡುಕಿದಳು.

ಗುರುಪುತ್ರಪ್ಪ ಹೋದದ್ದು ಸೋಮವಾರ, ಮಧ್ಯಾಹ್ನದ ಗಾಡಿಗೆ; ಎಳ್ಳ ಅಮಾವಾಸ್ಯೆಗೆ ಬರುತ್ತೇನೆಂದಿದ್ದ.